ಸರ್ಕಾರಿ ಮೋಟಾರು ಬಂಡಿಗಳಿಗೆ ಬದಲಿ ಇಂಧನವೂ ನಮ್ಮ ಹೊಲದ ಬದುವೂ
(ಕಡಕೊಳದ ವ್ಯವಸಾಯ ಇನ್‌ಸ್ಪೆಕ್ಟರವರಿಂದ)

ಕಡಕೊಳವು ಮೈಸೂರಿಗೂ ನಂಜನಗೂಡಿಗೂ ನಡುವೆ ಹೆದ್ದಾರಿಯನ್ನೂ ರೈಲುದಾರಿಯನ್ನೂ ಎರಡು ಕೈಗಳಲ್ಲಿ ಹಿಡಿದುಕೊಂಡಂತಿರುವ ಊರು. ಇಲ್ಲಿಯ ಹೊಲದಲ್ಲಿ ರಾಗಿಯನ್ನೋ ಅವರೆಯನ್ನೋ ಬಿತ್ತುವ ರೈತನು ತಲೆಯೆತ್ತಿ ನೋಡಿದರೆ ಸರ್ಕಾರದ ಕೆಂಪು ಬಸ್ಸುಗಳು ಹಗಲಿರುಳೂ ಓಡುತ್ತಿರುವುದನ್ನು ಕಾಣುವನು. ಈ ಬಸ್ಸುಗಳನ್ನೂ ಸರ್ಕಾರದ ಇತರ ಮೋಟಾರು ಬಂಡಿಗಳನ್ನೂ ಡೀಸೆಲ್, ಪೆಟ್ರೋಲುಗಳನ್ನು ಬಿಟ್ಟು ಬೇರೆ ಇಂಧನಗಳಿಂದ ಓಡಿಸುವ ಪ್ರಯತ್ನವು ನಮ್ಮ ರಾಜ್ಯದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇದು ಯಂತ್ರಗಳನ್ನು ಬಲ್ಲವರ ವಿಚಾರ, ರೈತರಿಗೂ ಇದಕ್ಕೂ ಏನು ಸಂಬಂಧ ಎಂದು ಗ್ರಾಮದ ಯಜಮಾನರು ಕೇಳಬಹುದು. ಸಂಬಂಧವುಂಟು. ಈ ಬದಲಿ ಇಂಧನಗಳಲ್ಲಿ ಹೆಚ್ಚಿನವು ಭೂಮಿಯಿಂದಲೇ ಹುಟ್ಟತಕ್ಕವು; ಭೂಮಿಯ ಒಡೆಯರನ್ನು ಕೇಳದೆ ಅವು ದೊರೆಯಲಾರವು. “ಇದನ್ನು ಬೆಳೆಯಿರಿ, ಸರ್ಕಾರವು ಕೊಂಡುಕೊಳ್ಳುವುದು” ಎಂಬ ಮಾತು ನಮ್ಮ ಹಳ್ಳಿಗಳಿಗೆ ಒಂದಕ್ಕಿಂತ ಹೆಚ್ಚು ಸಲ ಬಂದಿದೆ, ಮುಂದೆಯೂ ಬರುವುದು. ಆ ಮಾತು ಬಂದಾಗ ಯಾವುದನ್ನು ನಂಬಬೇಕು, ಎಷ್ಟು ನಂಬಬೇಕು, ಎಷ್ಟು ನೆಲವನ್ನು ಅದಕ್ಕೆ ಕೊಡಬೇಕು ಎಂಬುದನ್ನು ಯಜಮಾನರೂ ಭೂಮಾಲೀಕರೂ ತಾವೇ ಲೆಕ್ಕಹಾಕಿ ತಿಳಿಯಲೆಂಬುದೇ ಈ ಲೇಖನದ ಉದ್ದೇಶ.

೧. ಸರ್ಕಾರಿ ಬಂಡಿಗಳಿಂದಲೇ ಮೊದಲುಮಾಡುವುದೇಕೆ?

ಖಾಸಗಿ ಬಂಡಿಯು ಇಂದು ಒಂದೂರಿನಲ್ಲಿ, ನಾಳೆ ಇನ್ನೊಂದೂರಿನಲ್ಲಿ ಎಣ್ಣೆ ಹಾಕಿಸಿಕೊಳ್ಳುವುದು. ಹೋದೆಡೆಯಲ್ಲೆಲ್ಲ ಹೊಸ ಇಂಧನವು ದೊರೆಯದಿದ್ದರೆ ಆ ಬಂಡಿಯು ನಡುದಾರಿಯಲ್ಲಿಯೇ ನಿಲ್ಲಬೇಕಾಗುವುದು. ಸರ್ಕಾರದ ಬಸ್ಸು ಹಾಗಲ್ಲ. ಅದು ಗೊತ್ತಾದ ದಾರಿಯಲ್ಲಿ ಗೊತ್ತಾದ ದೂರ ಓಡಿ ಮತ್ತೆ ತನ್ನ ಡಿಪೋವಿಗೇ ಬರುವುದು. ಡಿಪೋವಿನಲ್ಲಿಯೇ ಎಣ್ಣೆಯ ಪಂಪು, ಅಲ್ಲಿಯೇ ಕಾರ್ಯಾಗಾರ, ಅಲ್ಲಿಯೇ ಪ್ರತಿಯೊಂದು ಬಸ್ಸೂ ಕುಡಿದ ಎಣ್ಣೆಯ ಮತ್ತು ಓಡಿದ ದೂರದ ಲೆಕ್ಕದ ಪುಸ್ತಕ. ಆದಕಾರಣ ಹೊಸ ಇಂಧನವನ್ನು ಹತ್ತು ಬಸ್ಸುಗಳಿಗೆ ಹಾಕಿ, ಹಳೆಯ ಇಂಧನದ ಹತ್ತು ಬಸ್ಸುಗಳೊಡನೆ ಹೋಲಿಸಿ, ಲಾಭನಷ್ಟಗಳನ್ನು ಖಂಡಿತವಾಗಿ ತಿಳಿಯಬಹುದು. ಅಲ್ಲದೆ ದಿನವೂ ತಪ್ಪದೆ ಇಂತಿಷ್ಟು ಬೇಕೆಂಬ ಬೇಡಿಕೆಯಿರುವುದರಿಂದ ಇಂಧನವನ್ನು ತಯಾರಿಸುವವರಿಗೂ ಅದರ ಕಚ್ಚಾಪದಾರ್ಥವನ್ನು ಬೆಳೆಯುವವರಿಗೂ ಒಂದು ಆಧಾರವು ದೊರೆಯುವುದು.

ನಮ್ಮ ರಾಜ್ಯದಲ್ಲಿ ಇಂತಹ ಸರ್ಕಾರಿ ಬಸ್ಸುಗಳ ವ್ಯವಸ್ಥೆಯು ೧೯೪೮ನೆಯ ಇಸವಿ ಸೆಪ್ಟೆಂಬರ್ ೧೨ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯು ೧೨೦ ಬಸ್ಸುಗಳೊಡನೆ ಪ್ರಾರಂಭವಾದಾಗ ಏರ್ಪಟ್ಟಿತು. ಅದೇ ಇಲಾಖೆಯು ೧೯೬೧ರಲ್ಲಿ ನಿಗಮವಾಯಿತು. ಅನಂತರ ಬೆಂಗಳೂರು ನಗರಕ್ಕೂ ಉತ್ತರದ ಜಿಲ್ಲೆಗಳಿಗೂ ಬೇರೆ ಬೇರೆ ನಿಗಮಗಳಾದವು. ಒಂದು ಕಡೆ ಸಿಕ್ಕಿದ ಅನುಭವವು ಉಳಿದ ಕಡೆಗೂ ಉಪಯೋಗವಾಗುವಂತೆ ಈ ನಿಗಮಗಳು ರಾಜ್ಯದ ಎಲ್ಲ ಭಾಗಗಳಲ್ಲಿಯೂ ಹರಡಿವೆ.

೨. ಹಿಂದಿನವರ ಇದ್ದಿಲು ಬಸ್ಸು

ಬದಲಿ ಇಂಧನವೆಂಬುದು ಹೊಸ ಮಾತೇನೂ ಅಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ, ಬಸ್ಸಿನ ಹಿಂಭಾಗಕ್ಕೆ ಕಬ್ಬಿಣದ ದೊಡ್ಡ ಒಲೆಯೊಂದನ್ನು ಕಟ್ಟಿ, ಅದರಲ್ಲಿ ಇದ್ದಿಲನ್ನು ಅರೆಗಾಳಿಯಲ್ಲಿ ಉರಿಸಿ, ಅದರಿಂದ ಹುಟ್ಟುವ ಅನಿಲದಿಂದ ಯಂತ್ರವನ್ನು ನಡೆಸುತ್ತಿದ್ದರು. ಊರಿನ ಹಿರಿಯರು ಹೇಳುತ್ತಿದ್ದ ಇದ್ದಿಲು ಗ್ಯಾಸಿನ ಬಸ್ಸು ಇದೇ. ಬೆಳಿಗ್ಗೆ ಬಸ್ಸು ಹೊರಡುವುದಕ್ಕೆ ಬಹಳ ಮುಂಚೆಯೇ ಎದ್ದು ತಿದಿಯ ಚಕ್ರವನ್ನು ತಿರುಗಿಸಿ ಒಲೆಯನ್ನು ಹೊತ್ತಿಸಬೇಕಾಗಿತ್ತು. ಯಂತ್ರದ ಬಲವು ಮೂರನೆಯ ಒಂದು ಪಾಲಿನಷ್ಟು, ಕೆಲವು ವೇಳೆ ಅದಕ್ಕೂ ಹೆಚ್ಚಾಗಿ, ಕುಗ್ಗುತ್ತಿದ್ದುದರಿಂದ ಏರು ಬಂದರೆ ಪ್ರಯಾಣಿಕರು ಇಳಿದು ನಡೆಯುತ್ತಿದ್ದರು.

ಈ ಬಸ್ಸುಗಳಿಂದ ಎರಡು ಪಾಠಗಳನ್ನು ಕಲಿಯಬಹುದು. ಮೊದಲನೆಯದು, ಹೊರಗಿನಿಂದ ಬರುವ ಎಣ್ಣೆಯು ನಿಂತರೂ ನಮ್ಮ ಬಂಡಿಗಳು ನಿಲ್ಲಬೇಕಾದುದಿಲ್ಲ. ಎರಡನೆಯದು, ಯುದ್ಧವು ಮುಗಿದು ಪೆಟ್ರೋಲು ಮತ್ತೆ ಬಂದೊಡನೆ ಆ ಒಲೆಗಳನ್ನೆಲ್ಲ ಬಿಚ್ಚಿ ಮೂಲೆಗೆ ಎಸೆದರು. ಇದ್ದಿಲನ್ನು ಸುಟ್ಟು ಮಾರುತ್ತಿದ್ದವರನ್ನು ಕೇಳುವವರಿಲ್ಲದೆ ಹೋಯಿತು. ಹಳೆಯ ಎಣ್ಣೆಯು ಅಗ್ಗವಾದಾಗ ಬದಲಿ ಇಂಧನವನ್ನು ಮರೆಯುವುದು ಲೋಕದ ಸ್ವಭಾವ. ಇದನ್ನು ಬೆಳೆಗಾರನು ಎಂದೂ ಮರೆಯಕೂಡದು.

೩. ಕಬ್ಬಿನಿಂದ ಬರುವ ಮದ್ಯಸಾರ

ಮಂಡ್ಯದ ಸಕ್ಕರೆ ಕಾರ್ಖಾನೆಯನ್ನು ನಮ್ಮ ಜಿಲ್ಲೆಯವರೆಲ್ಲರೂ ಬಲ್ಲರು. ಆಗ ವ್ಯವಸಾಯ ಇಲಾಖೆಯ ಡೈರೆಕ್ಟರಾಗಿದ್ದ ಡಾಕ್ಟರ್ ಲೆಸ್ಲಿ ಕೋಲ್ಮನ್ನರವರ ಶ್ರಮದಿಂದ ಮೈಸೂರು ಸಕ್ಕರೆ ಕಂಪೆನಿಯು ೧೯೩೩ರಲ್ಲಿ ಸ್ಥಾಪಿತವಾಯಿತು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುಳಿಯಿಸಿ ಬಟ್ಟಿಯಿಳಿಸಿದರೆ ಮದ್ಯಸಾರವು ಬರುವುದು. ಅದರಲ್ಲಿನ ನೀರನ್ನು ಪೂರ್ತಿಯಾಗಿ ತೆಗೆದುಬಿಟ್ಟರೆ ಅದನ್ನು ಪೆಟ್ರೋಲಿಗೆ ಬೆರೆಸಬಹುದು. ಇದಕ್ಕಾಗಿ ೧೯೪೮ರಲ್ಲಿಯೇ ಭಾರತ ಸರ್ಕಾರವು ಒಂದು ಕಾಯಿದೆಯನ್ನು ಮಾಡಿತ್ತು. ಬ್ರೆಜಿಲ್ ದೇಶದವರು ೧೯೭೫ರಿಂದ ಇದನ್ನು ಬಹು ದೊಡ್ಡ ಪ್ರಮಾಣದಲ್ಲಿ ನಡೆಸಿಕೊಂಡು ಬಂದಿದ್ದಾರೆ. ನಮ್ಮ ದೇಶದಲ್ಲಿ ೨೦೦೩ರಿಂದ ಮತ್ತೆ ಪ್ರಾರಂಭವಾಗಿ, ೨೦೨೨ರ ಜೂನ್ ತಿಂಗಳಿಗೆ ಪೆಟ್ರೋಲಿನಲ್ಲಿ ಶೇಕಡ ೧೦ರ ಬೆರಕೆಯು ಸಾಧಿತವಾಯಿತು. ಶೇಕಡ ೨೦ರ ಬೆರಕೆಯ ಪೆಟ್ರೋಲನ್ನು ೨೦೨೩ನೆಯ ಫೆಬ್ರವರಿ ೬ರಂದು ಬೆಂಗಳೂರಿನಲ್ಲಿಯೇ ಮೊದಲು ಬಿಡುಗಡೆಮಾಡಿದರು.

ಒಂದು ಟನ್ ಕಬ್ಬಿನಿಂದ ದೊರೆಯುವ ಕಾಕಂಬಿಯಲ್ಲಿ ಸುಮಾರು ೧೦ ಲೀಟರ್ ಮದ್ಯಸಾರವು ಬರುವುದು. ಸಕ್ಕರೆಯನ್ನು ಮಾಡದೆ ರಸವನ್ನೆಲ್ಲ ಹುಳಿಯಿಸಿದರೆ ಸುಮಾರು ೭೦ ಲೀಟರ್ ಬರುವುದು. ನಮ್ಮ ನೆರೆಯ ನಂಜನಗೂಡು ತಾಲ್ಲೂಕಿನ ಅಳಗಂಚಿಯ ಕಾರ್ಖಾನೆಗೆ ಕಬ್ಬನ್ನು ಒಯ್ಯುವ ರೈತರು ಈ ಲೆಕ್ಕವನ್ನು ತಿಳಿದಿರುವುದು ಒಳ್ಳೆಯದು. ಆದರೆ ಇಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಮದ್ಯಸಾರವು ಪೆಟ್ರೋಲಿನೊಡನೆ ಸುಲಭವಾಗಿ ಬೆರೆಯುವುದೇ ಹೊರತು ಡೀಸೆಲಿನೊಡನೆ ತಾನಾಗಿ ಬೆರೆತು ನಿಲ್ಲಲಾರದು. ನಮ್ಮ ಸಾರಿಗೆ ನಿಗಮವು ಈ ಶತಮಾನದ ಮೊದಲ ದಶಕದಲ್ಲಿ ಬೆರಕೆಯ ದ್ರವ್ಯವೊಂದನ್ನು ಸೇರಿಸಿ ಡೀಸೆಲಿಗೆ ಮದ್ಯಸಾರವನ್ನು ಹಾಕಿ ಬಸ್ಸುಗಳನ್ನು ಓಡಿಸಿ ನೋಡಿತು. ಆದರೂ ಮದ್ಯಸಾರದ ಮುಖ್ಯವಾದ ದಾರಿ ಪೆಟ್ರೋಲ್ ಬಂಡಿಗಳದೇ ಆಗಿದೆ. ಎರಡನೆಯದಾಗಿ, ಈ ವ್ಯಾಪಾರವು ಸರ್ಕಾರದ ಆಜ್ಞೆಯ ಮೇಲೆ ನಿಂತಿದೆ. ೨೦೨೩ರಲ್ಲಿ ಮಳೆಯು ಕಡಮೆಯಾಗಿ ಸಕ್ಕರೆಗೆ ಕೊರತೆಯುಂಟಾಗಬಹುದೆಂದು ತೋರಿದಾಗ, ಕಬ್ಬಿನ ರಸದಿಂದ ಮದ್ಯಸಾರವನ್ನು ತೆಗೆಯಕೂಡದೆಂದು ಡಿಸೆಂಬರಿನಲ್ಲಿ ಆಜ್ಞೆಯಾಯಿತು. ೨೦೨೪ರ ಆಗಸ್ಟಿನಲ್ಲಿ ಆ ತಡೆಯನ್ನು ತೆಗೆದರು. ಊಟಕ್ಕೂ ಇಂಧನಕ್ಕೂ ಒಂದೇ ಬೆಳೆಯು ಬೇಕಾದಾಗ ಊಟಕ್ಕೇ ಮೊದಲ ಮರ್ಯಾದೆ ಸಲ್ಲುವುದು ನ್ಯಾಯವೇ. ಆದರೆ ಇಂಧನದ ಬೆಲೆಯನ್ನು ನಂಬಿ ನೀರಿಲ್ಲದ ನೆಲದಲ್ಲಿ ಕಬ್ಬನ್ನು ಹಾಕಿದವನ ಗತಿಯನ್ನು ಆಲೋಚಿಸಬೇಕು.

೪. ಹೊಂಗೆಯ ಎಣ್ಣೆ

ಡೀಸೆಲ್ ಯಂತ್ರಕ್ಕೆ ಬೇಕಾದುದು ಎಣ್ಣೆ. ಈ ಯಂತ್ರವನ್ನು ಕಂಡುಹಿಡಿದ ಡೀಸೆಲ್ಲನ ಕಾಲದಲ್ಲಿಯೇ, ೧೯೦೦ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ, ಇಂತಹ ಯಂತ್ರವೊಂದನ್ನು ಕಡಲೆಕಾಯಿ ಎಣ್ಣೆಯಿಂದ ನಡೆಸಿ ತೋರಿಸಿದ್ದರು. ಕಡಲೆಕಾಯಿ ಎಣ್ಣೆಯು ತಿನ್ನತಕ್ಕದ್ದು. ಅದನ್ನು ಯಂತ್ರಕ್ಕೆ ಸುರಿಯುವುದು ಸರಿಯಲ್ಲ. ತಿನ್ನಲಾಗದ ಎಣ್ಣೆಗಳಲ್ಲಿ ನಮ್ಮ ಸೀಮೆಗೆ ಸಹಜವಾದುದು ಹೊಂಗೆ. ರಸ್ತೆಯ ಬದಿ, ಕೆರೆಯ ಏರಿ, ಹಳ್ಳದ ದಂಡೆ, ಹೊಲದ ಬದು, ಎಲ್ಲಿ ನೋಡಿದರೂ ಈ ಮರವುಂಟು. ಇದರ ಸೊಪ್ಪನ್ನು ಗದ್ದೆಗೆ ತುಳಿಯುವುದನ್ನೂ ಇದರ ಎಣ್ಣೆಯಿಂದ ದೀಪವನ್ನು ಹಚ್ಚುವುದನ್ನೂ ನಮ್ಮ ಅಜ್ಜಂದಿರು ಬಲ್ಲರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಉಡುಪಿ ಶ್ರೀನಿವಾಸರವರು ಇಪ್ಪತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಹೊಂಗೆ ಎಣ್ಣೆಯಿಂದಲೇ ಹಳ್ಳಿಯ ವಿದ್ಯುತ್ ಯಂತ್ರಗಳನ್ನು ನಡೆಸಿ ತೋರಿಸಿದರು. ೨೦೦೭ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದವರು ಹಾಸನದ ಬಳಿ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವೊಂದನ್ನು ಏರ್ಪಡಿಸಿದರು. ೨೦೦೯ರಲ್ಲಿ ರಾಜ್ಯ ಸರ್ಕಾರವು ಜೈವಿಕ ಇಂಧನ ನೀತಿಯನ್ನು ಪ್ರಕಟಿಸಿತು. ಅನಂತರ ಇದಕ್ಕಾಗಿ ಒಂದು ಮಂಡಲಿಯೂ ಏರ್ಪಟ್ಟಿತು. “ಹಸಿರು ಹೊನ್ನು”, “ಬರಡು ಬಂಗಾರ” ಎಂಬ ಹೆಸರುಗಳಲ್ಲಿ ಸಸಿಗಳನ್ನು ನೆಡಿಸಿದುದು ಅನೇಕರಿಗೆ ನೆನಪಿರಬಹುದು. ಸಾರಿಗೆ ನಿಗಮವೂ ಡೀಸೆಲಿಗೆ ಶೇಕಡ ೨೦ರಂತೆ ಜೈವಿಕ ಡೀಸೆಲನ್ನು ಬೆರೆಸಿ ಬಸ್ಸುಗಳನ್ನು ಓಡಿಸಿತು.

ಗಾಣದಿಂದ ಬಂದ ಎಣ್ಣೆಯನ್ನು ಹಾಗೆಯೇ ಬಸ್ಸಿಗೆ ಏಕೆ ಹಾಕಬಾರದು? ಹೊಂಗೆ ಎಣ್ಣೆಯು ಡೀಸೆಲಿಗಿಂತ ಸುಮಾರು ಹತ್ತರಷ್ಟು ಮಂದವಾದುದು. ಡೀಸೆಲ್ ಯಂತ್ರದಲ್ಲಿ ಎಣ್ಣೆಯು ಕೂದಲೆಳೆಯಂತಹ ರಂಧ್ರಗಳಿಂದ ಮಂಜಿನ ಹಾಗೆ ಚಿಮ್ಮಬೇಕು. ಮಂದವಾದ ಎಣ್ಣೆಯು ಹನಿಹನಿಯಾಗಿ ಬಿದ್ದು, ಅರ್ಧ ಉರಿದು, ಅಂಟಾಗಿ ಕಟ್ಟಿಕೊಳ್ಳುವುದು. ಆದಕಾರಣ ಎಣ್ಣೆಗೆ ಮೆಥನಾಲ್ ಎಂಬ ಮರದ ಮದ್ಯಸಾರವನ್ನೂ ಸ್ವಲ್ಪ ಕಾಸ್ಟಿಕ್ ಸೋಡವನ್ನೂ ಸೇರಿಸಿ ಬಿಸಿಮಾಡುವರು. ಆಗ ಎಣ್ಣೆಯಲ್ಲಿರುವ ಗ್ಲಿಸರಿನ್ ಬೇರೆಯಾಗಿ ಕೆಳಗೆ ಇಳಿಯುವುದು. ಮೇಲೆ ನಿಲ್ಲುವ ತೆಳುವಾದ ದ್ರವವೇ ಜೈವಿಕ ಡೀಸೆಲ್. ನೂರು ಕಿಲೋ ಒಳ್ಳೆಯ ಎಣ್ಣೆಯಿಂದ ಹೆಚ್ಚುಕಡಮೆ ಅಷ್ಟೇ ತೂಕದ ಜೈವಿಕ ಡೀಸೆಲೂ ಸುಮಾರು ಹತ್ತು ಕಿಲೋ ಗ್ಲಿಸರಿನ್ನೂ ದೊರೆಯುವುವು. ಇದನ್ನು ಹಾಕುವುದಕ್ಕೆ ಬಸ್ಸಿನ ಯಂತ್ರವನ್ನು ಬದಲಿಸಬೇಕಾಗಿಲ್ಲ. ಹಳೆಯ ಬಸ್ಸಿನ ತೊಟ್ಟಿಯಲ್ಲಿರುವ ಮಡ್ಡಿಯನ್ನು ಇದು ತೊಳೆದು ತರುವುದರಿಂದ ಮೊದಲ ಕೆಲವು ತಿಂಗಳು ಸೋಸುವ ಫಿಲ್ಟರುಗಳನ್ನು ಬೇಗ ಬೇಗ ಬದಲಿಸಬೇಕು. ಹಳೆಯ ರಬ್ಬರ್ ಕೊಳವೆಗಳನ್ನು ತೆಗೆದುಹಾಕಬೇಕು. ಇಷ್ಟೇ ಬದಲಾವಣೆ.

೫. ಒಂದು ಬಸ್ಸಿನ ಲೆಕ್ಕ

ಒಂದು ಬಸ್ಸು ದಿನಕ್ಕೆ ೩೫೦ ಕಿಲೋಮೀಟರ್ ಓಡುವುದೆಂದೂ, ಲೀಟರಿಗೆ ೫ ಕಿಲೋಮೀಟರ್ ಕೊಡುವುದೆಂದೂ ಹಿಡಿಯೋಣ. ದಿನಕ್ಕೆ ೭೦ ಲೀಟರ್ ಎಣ್ಣೆ ಬೇಕು. ಅದರಲ್ಲಿ ಶೇಕಡ ೨೦ರಂತೆ ಜೈವಿಕ ಡೀಸೆಲ್ ೧೪ ಲೀಟರ್. ವರ್ಷಕ್ಕೆ ೫,೧೧೦ ಲೀಟರ್.

ಸಿಪ್ಪೆ ತೆಗೆದು ಒಣಗಿಸಿದ ಹೊಂಗೆ ಬೀಜ ಸುಮಾರು ೪ ಕಿಲೋವಿಗೆ ಯಂತ್ರದ ಗಾಣದಲ್ಲಿ ೧ ಲೀಟರ್ ಎಣ್ಣೆ ಬರುವುದು. ಮರದಿಂದ ಮರಕ್ಕೆ ಫಸಲಿನಲ್ಲಿ ಬಹಳ ವ್ಯತ್ಯಾಸವುಂಟು. ಚೆನ್ನಾಗಿ ಬೆಳೆದ ಮರಕ್ಕೆ ೨೦ ಕಿಲೋ ಬೀಜವೆಂದು ಹಿಡಿದರೆ ಒಂದು ಮರದಿಂದ ೫ ಲೀಟರ್ ಎಣ್ಣೆಯಾಯಿತು. ಹಾಗಾದರೆ ಒಂದೇ ಒಂದು ಬಸ್ಸಿನ ಐದನೆಯ ಒಂದು ಪಾಲು ಇಂಧನಕ್ಕೆ ೧,೦೦೦ಕ್ಕಿಂತ ಸ್ವಲ್ಪ ಹೆಚ್ಚು ಮರಗಳು ಬೇಕು. ಬದುವಿನ ಮೇಲೆ ೫ ಮೀಟರಿಗೊಂದರಂತೆ ನೆಟ್ಟರೆ ಇದು ೫ ಕಿಲೋಮೀಟರಿಗೂ ಸ್ವಲ್ಪ ಮಿಕ್ಕ ಬದು.

ಈ ಲೆಕ್ಕವು ಎರಡು ಕಡೆಗೂ ಉತ್ತರವನ್ನು ಹೇಳುವುದು. ಹೊಂಗೆಯಿಂದಲೇ ಸರ್ಕಾರದ ಸಾವಿರಾರು ಬಸ್ಸುಗಳನ್ನೂ ಓಡಿಸಬಹುದೆಂದು ಹೇಳುವವರ ಮಾತು ಅತಿಯಾಯಿತೆಂದು ಇದರಿಂದ ತಿಳಿಯುವುದು. ದೇಶದಲ್ಲಿ ಡೀಸೆಲಿಗೆ ಬೆರೆಯುತ್ತಿರುವ ಜೈವಿಕ ಡೀಸೆಲ್ ಇಷ್ಟು ವರ್ಷಗಳ ಮೇಲೂ ಶೇಕಡ ಒಂದನ್ನು ಮುಟ್ಟದಿರುವುದಕ್ಕೆ ಬೀಜವು ಸಾಕಷ್ಟು ದೊರೆಯದಿರುವುದೇ ಮುಖ್ಯ ಕಾರಣ. ಆದರೆ ಐದು ಕಿಲೋಮೀಟರು ಬದುವಿಲ್ಲದ ಗ್ರಾಮವು ನಮ್ಮ ಸೀಮೆಯಲ್ಲಿ ಉಂಟೇ? ಒಂದೊಂದು ಗ್ರಾಮವು ಒಂದೊಂದು ಬಸ್ಸಿನ ಪಾಲನ್ನು ಹೊತ್ತರೆ, ಒಂದು ಗುಂಟೆ ರಾಗಿಯ ನೆಲವನ್ನೂ ಬಿಡದೆ, ಆ ಕೆಲಸವು ಆಗಬಹುದು.

ಹಿಂಡಿಯ ಲೆಕ್ಕವನ್ನು ಬಿಡಕೂಡದು. ಸಾವಿರ ಮರಗಳ ೨೦,೦೦೦ ಕಿಲೋ ಬೀಜದಲ್ಲಿ ಎಣ್ಣೆಯು ಹೋಗಿ ಸುಮಾರು ೧೫,೦೦೦ ಕಿಲೋ ಹಿಂಡಿಯು ಉಳಿಯುವುದು. ಹೊಂಗೆ ಹಿಂಡಿಯಲ್ಲಿ ಶೇಕಡ ೪ರ ಸಮೀಪ ಸಾರಜನಕವಿರುವುದರಿಂದ ಇದು ೬೦೦ ಕಿಲೋ ಸಾರಜನಕಕ್ಕೆ ಸಮ. ಅಂದರೆ ೪೫ ಕಿಲೋವಿನ ಸುಮಾರು ೨೯ ಚೀಲ ಯೂರಿಯದಲ್ಲಿರುವಷ್ಟು. ಎಣ್ಣೆಯು ಬಸ್ಸಿಗೆ ಹೋದರೂ ಗೊಬ್ಬರವು ಗ್ರಾಮಕ್ಕೇ ಮರಳಬೇಕು. ಬೀಜವನ್ನು ಹಾಗೆಯೇ ಮಾರಿಬಿಟ್ಟರೆ ಈ ಗೊಬ್ಬರವನ್ನೂ ಕಳೆದುಕೊಂಡಂತಾಯಿತು. ಆದಕಾರಣ ಗಾಣವು ಗ್ರಾಮದಲ್ಲಿ ಅಥವಾ ಹೋಬಳಿಯಲ್ಲಿ ಇರುವುದೂ, ಬೀಜವನ್ನು ಕೊಟ್ಟವರಿಗೆ ಹಿಂಡಿಯು ಹಿಂದಕ್ಕೆ ಬರುವಂತೆ ಕರಾರು ಮಾಡಿಕೊಳ್ಳುವುದೂ ಅವಶ್ಯಕ.

೬. ಬೀಜದ ಶೇಖರಣೆ

ಹೊಂಗೆಯ ಕಾಯಿಯು ಸಂಕ್ರಾಂತಿಯ ತರುವಾಯ ಬಲಿತು ಯುಗಾದಿಯವರೆಗೂ ಕೊಯ್ಲಿಗೆ ಬರುವುದು. ಆ ದಿನಗಳಲ್ಲಿ ಹೊಲದ ಕೆಲಸವು ಕಡಮೆಯಾದ್ದರಿಂದ ಕೂಲಿಯವರಿಗೂ ಹೆಂಗಸರಿಗೂ ಇದು ಒಂದು ಸಂಪಾದನೆ. ಆದರೆ ಈ ಬೀಜದಲ್ಲಿ ಒಂದು ಸೂಕ್ಷ್ಮವುಂಟು. ಒದ್ದೆಯಾದ ಬೀಜವನ್ನು ರಾಶಿ ಹಾಕಿದರೆ ಅದರೊಳಗಿನ ಎಣ್ಣೆಯು ಹುಳಿತು ಆಮ್ಲವು ಹೆಚ್ಚುವುದು. ಅಂತಹ ಎಣ್ಣೆಗೆ ಸೋಡವನ್ನು ಹಾಕಿದರೆ ಆಮ್ಲವೂ ಸೋಡವೂ ಕೂಡಿ ಸಾಬೂನಾಗುವುವು. ಸಾಬೂನಿನ ನೊರೆಯಲ್ಲಿ ಜೈವಿಕ ಡೀಸೆಲೂ ಗ್ಲಿಸರಿನ್ನೂ ಬೇರೆಯಾಗದೆ ಕಲಸಿಹೋಗುವುವು. ಆಗ ತಯಾರಿಸುವವನು ಮೊದಲು ಬೇರೊಂದು ಆಮ್ಲದಿಂದ ಎಣ್ಣೆಯನ್ನು ಶುದ್ಧಿಮಾಡಬೇಕಾಗಿ, ಆ ಖರ್ಚನ್ನು ಬೀಜದ ಬೆಲೆಯಲ್ಲಿ ಮುರಿದುಕೊಳ್ಳುವನು. ಎಣ್ಣೆಯಲ್ಲಿ ಬಿಡಿಯಾದ ಆಮ್ಲವು ಶೇಕಡ ೨ರೊಳಗಿದ್ದರೆ ಕೆಲಸವು ಒಂದೇ ಸಲಕ್ಕೆ ಆಗುವುದು. ಆದಕಾರಣ:

(ಅ) ನೆಲಕ್ಕೆ ಬಿದ್ದು ಮಳೆಯಲ್ಲಿ ನೆನೆದ ಕಾಯಿಯನ್ನು ಮರದಿಂದ ಕೊಯ್ದ ಕಾಯಿಯೊಡನೆ ಬೆರೆಸಕೂಡದು.

(ಆ) ಕಾಯಿಯನ್ನು ಮೂರು ನಾಲ್ಕು ದಿನ ಒಳ್ಳೆಯ ಬಿಸಿಲಿನಲ್ಲಿ ಒಣಗಿಸಿ, ಕೋಲಿನಿಂದ ಬಡಿದು ಬೀಜವನ್ನು ಬಿಡಿಸಿ, ಕೇರಿ, ಮತ್ತೆ ಒಣಗಿಸತಕ್ಕದ್ದು. ಹಲ್ಲಿನಿಂದ ಕಚ್ಚಿದರೆ ಬೀಜವು ನಲುಗದೆ ಕಟ್ಟನೆ ಮುರಿಯಬೇಕು.

(ಇ) ಗೋಣಿಚೀಲದಲ್ಲಿ ತುಂಬಿ, ನೆಲದ ತೇವವು ತಾಗದಂತೆ ಹಲಗೆಯ ಮೇಲೆ, ಗೋಡೆಗೆ ಒತ್ತದೆ ಇಡತಕ್ಕದ್ದು. ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದರೆ ಬೀಜವು ಬೆವರುವುದು.

(ಈ) ಮುಂಗಾರು ಬೀಳುವುದರೊಳಗಾಗಿ ಬೀಜವನ್ನು ಗಾಣಕ್ಕೆ ಸೇರಿಸುವುದು ಉತ್ತಮ.

೭. ಕಾಡುಹರಳಿನ ಪಾಠ

ಈ ಲೇಖಕನು ಒಂದು ತಪ್ಪನ್ನು ಒಪ್ಪಿಕೊಳ್ಳದಿದ್ದರೆ ಮೇಲಿನ ಉಪದೇಶಕ್ಕೆ ಬೆಲೆಯಿರಲಾರದು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಜಟ್ರೋಫವೆಂದು ಹೆಸರಾದ ಕಾಡುಹರಳಿನ ಮಾತು ದೇಶದಲ್ಲೆಲ್ಲ ಹಬ್ಬಿದ್ದಾಗ, ಈ ಗಿಡವು ಬರಡುನೆಲದಲ್ಲಿಯೂ ನೀರಿಲ್ಲದೆ ಬೆಳೆದು ಮೂರನೆಯ ವರ್ಷಕ್ಕೆ ಹೇರಳವಾಗಿ ಬೀಜ ಕೊಡುವುದೆಂದು ನಾನೂ ಹಳ್ಳಿಗಳಲ್ಲಿ ಹೇಳಿದೆನು. ಒಬ್ಬ ಹಿರಿಯ ಯಜಮಾನರು ನನ್ನ ಮಾತನ್ನು ನಂಬಿ ಹುರುಳಿ ಬೆಳೆಯುತ್ತಿದ್ದ ಎರಡು ಎಕರೆ ಕೆಮ್ಮಣ್ಣಿನ ನೆಲದಲ್ಲಿ ಅದನ್ನು ನೆಟ್ಟರು. ಗಿಡವೇನೋ ಸಾಯಲಿಲ್ಲ. ಆದರೆ ಬದುಕುವುದು ಬೇರೆ, ಫಸಲು ಕೊಡುವುದು ಬೇರೆ. ನಾಲ್ಕನೆಯ ವರ್ಷದಲ್ಲಿಯೂ ಬೀಜವು ಕೊಯ್ಲಿನ ಕೂಲಿಗೆ ಸಾಲಲಿಲ್ಲ. ದನವು ಮುಟ್ಟದ ಗಿಡವಾದ್ದರಿಂದ ಮೇವಿಗೂ ಆಗಲಿಲ್ಲ. ಕೊನೆಗೆ ಅವರು ಅದನ್ನು ಕೀಳಿಸಿ ಬೇಲಿಗೆ ಹಾಕಿದರು. ನನ್ನನ್ನು ಕಂಡಾಗ ಅವರು ಬಯ್ಯಲಿಲ್ಲ. “ಸ್ವಾಮಿ, ಮುಂದಿನ ಸಲ ನಿಮ್ಮ ಹೊಲದಲ್ಲಿ ಬೆಳೆದು ನೋಡಿ, ಆಮೇಲೆ ನಮಗೆ ಹೇಳಿ” ಎಂದರು. ಆ ಮಾತು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಅಂದಿನಿಂದ ನಾನು ಒಂದೇ ಅಳತೆಯನ್ನು ಇಟ್ಟುಕೊಂಡಿದ್ದೇನೆ: ಬಸ್ಸು ಬರದಿದ್ದರೂ ಬೆಳೆಗಾರನಿಗೆ ನಷ್ಟವಾಗದಂತಹ ಗಿಡವನ್ನೇ ಇಂಧನಕ್ಕಾಗಿ ನೆಡಬೇಕು. ಕಾಡುಹರಳು ಈ ಅಳತೆಗೆ ನಿಲ್ಲಲಿಲ್ಲ. ಹೊಂಗೆಯು ನಿಲ್ಲುವುದು. ಎಣ್ಣೆಯನ್ನು ಯಾರೂ ಕೊಳ್ಳದ ವರ್ಷದಲ್ಲಿಯೂ ಹೊಂಗೆಯ ಸೊಪ್ಪು ಗದ್ದೆಗೆ ಗೊಬ್ಬರ, ನೆರಳು ದನಕರುಗಳಿಗೆ, ಬೇರು ಬದುವಿಗೆ ಕಟ್ಟು. ದ್ವಿದಳ ಜಾತಿಯ ಮರವಾದ್ದರಿಂದ ತಾನು ನಿಂತ ನೆಲಕ್ಕೆ ಸಾರಜನಕವನ್ನೂ ಕೂಡಿಸುವುದು. ಫಸಲಿಗೆ ಐದಾರು ವರ್ಷ ಕಾಯಬೇಕೆಂಬುದು ನಿಜ. ಅದಕ್ಕಾಗಿಯೇ ಅದಕ್ಕೆ ಬದುವನ್ನು ಕೊಡಬೇಕೇ ಹೊರತು ಹೊಲವನ್ನಲ್ಲ. ಬದುವಿನಲ್ಲಿಯೂ ನೆರಳು ಬೆಳೆಯ ಮೇಲೆ ಹೆಚ್ಚು ಬೀಳದಂತೆ ಕೊಂಬೆಗಳನ್ನು ಸವರುತ್ತಿರಬೇಕು.

೮. ಅನಿಲ ಮತ್ತು ವಿದ್ಯುತ್ತು

ಸರ್ಕಾರಿ ಬಂಡಿಗಳ ಇಂಧನವನ್ನು ಒಂದೇ ಸಲಕ್ಕೆ ಬದಲಿಸಿದ ದೊಡ್ಡ ಉದಾಹರಣೆಯು ದೆಹಲಿಯದು. ಹೊಗೆಯಿಂದ ನಗರವು ಉಸಿರುಗಟ್ಟಿದಾಗ ಸುಪ್ರೀಂ ಕೋರ್ಟು ೧೯೯೮ರ ಜುಲೈ ತಿಂಗಳಲ್ಲಿ ಬಸ್ಸುಗಳನ್ನೆಲ್ಲ ಒತ್ತಿದ ನೈಸರ್ಗಿಕ ಅನಿಲಕ್ಕೆ ಬದಲಿಸಬೇಕೆಂದು ಆಜ್ಞೆಮಾಡಿತು. ಅನಿಲದ ಪಂಪುಗಳು ಸಾಲದೆ ಬಸ್ಸುಗಳು ಮೈಲುದ್ದ ಸಾಲುಗಟ್ಟಿ ನಿಂತು ಜನರು ಕಷ್ಟಪಟ್ಟರು. ೨೦೦೨ರ ಕೊನೆಯ ಹೊತ್ತಿಗೆ ಆ ಕೆಲಸವು ಪೂರೈಸಿತು. ಬಂಡಿಯನ್ನು ಬದಲಿಸುವುದಕ್ಕೆ ಮುಂಚೆ ಇಂಧನದ ಸರಬರಾಯಿಯನ್ನು ಸಿದ್ಧಪಡಿಸಬೇಕೆಂಬುದೇ ಅದರಿಂದ ಕಲಿತ ಪಾಠ. ಸಗಣಿ, ಸಕ್ಕರೆ ಕಾರ್ಖಾನೆಯ ಮಡ್ಡಿ, ಬೆಳೆಯ ಕಸ ಇವುಗಳಿಂದ ಬರುವ ಗೋಬರ್ ಅನಿಲವನ್ನೂ ಶುದ್ಧಿಮಾಡಿ ಒತ್ತಿದರೆ ಅದೇ ಕೆಲಸಕ್ಕೆ ಬರುವುದು. ಇದಕ್ಕಾಗಿ ೨೦೧೮ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಒಂದು ಯೋಜನೆಯನ್ನು ಪ್ರಾರಂಭಿಸಿತು. ಇಲ್ಲಿಯೂ ಅನಿಲ ತೆಗೆದ ಮೇಲೆ ಉಳಿಯುವ ಗೊಬ್ಬರವು ರೈತನಿಗೆ ಮರಳುವಂತೆ ನೋಡಿಕೊಳ್ಳುವುದೇ ಮುಖ್ಯ.

ಈಗ ಎಲ್ಲಕ್ಕಿಂತ ಮುಂದಾಗಿ ಬರುತ್ತಿರುವುದು ವಿದ್ಯುತ್ತು. ವಿದ್ಯುತ್ ಬಂಡಿಗಳಿಗೆಂದೇ ಒಂದು ನೀತಿಯನ್ನು ೨೦೧೭ರಲ್ಲಿ ದೇಶದಲ್ಲಿಯೇ ಮೊದಲು ಪ್ರಕಟಿಸಿದುದು ನಮ್ಮ ರಾಜ್ಯ. ಬೆಂಗಳೂರಿನ ನಗರ ಸಾರಿಗೆಯಲ್ಲಿ ೨೦೧೪ರಲ್ಲಿ ಒಂದು ಬಸ್ಸನ್ನು ಪರೀಕ್ಷೆಗಾಗಿ ಓಡಿಸಿ, ೨೦೨೧ರ ಕೊನೆಯಿಂದ ಇವುಗಳನ್ನು ಬಳಕೆಗೆ ತಂದರು. ೨೦೨೩ನೆಯ ಜನವರಿಯಲ್ಲಿ ಬೆಂಗಳೂರಿನಿಂದ ನಮ್ಮ ಮೈಸೂರಿಗೇ ರಾಜ್ಯ ಸಾರಿಗೆ ನಿಗಮದ ಮೊದಲ ವಿದ್ಯುತ್ ಬಸ್ಸು ಬಂದಿತು. ಇಂತಹ ಬಸ್ಸುಗಳಲ್ಲಿ ಹಲವನ್ನು ನಿಗಮವು ಕೊಳ್ಳುವುದಿಲ್ಲ. ಬಸ್ಸು ಕಂಪೆನಿಯದು, ಓಡಿದ ಕಿಲೋಮೀಟರಿಗೆ ಇಷ್ಟೆಂದು ನಿಗಮವು ಹಣ ಕೊಡುವುದು. ಬಸ್ಸೊಂದಕ್ಕೆ ಕಿಲೋಮೀಟರಿಗೆ ಹೆಚ್ಚುಕಡಮೆ ಒಂದು ಯೂನಿಟ್ ವಿದ್ಯುತ್ತು ಬೇಕೆಂದು ಹಿಡಿದರೆ, ಬೆಂಗಳೂರಿನಿಂದ ಮೈಸೂರಿನವರೆಗಿನ ೧೫೦ ಕಿಲೋಮೀಟರಿಗೆ ಖರ್ಚಾಗುವುದು ಹತ್ತು ಅಶ್ವಶಕ್ತಿಯ ಪಂಪುಸೆಟ್ಟು ಇಪ್ಪತ್ತು ಗಂಟೆ ನಡೆದರೆ ಆಗುವಷ್ಟು ಎಂದು ಭೂಮಾಲೀಕರು ತಿಳಿಯಬಹುದು.

ವಿದ್ಯುತ್ತು ಹೊಲದಲ್ಲಿ ಬೆಳೆಯುವ ಬೆಳೆಯಲ್ಲವೆಂದು ಹೇಳುವಂತಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಮಳೆಯನ್ನು ಕಾದು ಸೋತ ರೈತರು ಸುಮಾರು ೧೩,೦೦೦ ಎಕರೆಯನ್ನು ಮಾರದೆ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಅಲ್ಲಿ ಈಗ ೨,೦೫೦ ಮೆಗಾವಾಟ್ ಸೂರ್ಯವಿದ್ಯುತ್ತಿನ ಕ್ಷೇತ್ರವಿದೆ. ಭೂಮಿಯ ಹಕ್ಕು ಉಳಿದುದು ಅದರ ಗುಣ. ಭೂಮಿಯಿಲ್ಲದ ಕೂಲಿಯವರಿಗೆ ಗುತ್ತಿಗೆಯ ಹಣದಲ್ಲಿ ಪಾಲಿಲ್ಲದಿರುವುದು ಅದರ ದೋಷ. ಗ್ರಾಮದ ಯಜಮಾನನಾದವನು ಎರಡನ್ನೂ ತೂಗಿ ನೋಡತಕ್ಕದ್ದು.

ಬಸ್ಸುಗಳೆಲ್ಲ ವಿದ್ಯುತ್ತಿಗೆ ಹೋದರೆ ಹೊಂಗೆಯನ್ನು ಕೇಳುವವರಾರು ಎಂಬ ಪ್ರಶ್ನೆಯು ಸಹಜ. ಹದಿನೈದು ವರ್ಷ ಮೀರಿದ ಸರ್ಕಾರಿ ಬಂಡಿಗಳನ್ನು ೨೦೨೩ರ ಏಪ್ರಿಲಿನಿಂದ ಮುಂದುವರಿಸಕೂಡದೆಂದು ನಿಯಮವಾಗಿರುವುದರಿಂದ ಹಳೆಯ ಬಂಡಿಗಳು ಹೋಗಿ ಹೊಸವು ಬರುವುದು ಖಂಡಿತ. ಆದರೂ ದೂರದ ಹಳ್ಳಿಗಳ ಬಸ್ಸು, ಟ್ರಾಕ್ಟರು, ಲಾರಿ, ಪಂಪಿನ ಎಂಜಿನ್ನು ಇವುಗಳಿಗೆ ಡೀಸೆಲ್ ಯಂತ್ರವು ಇನ್ನೂ ಕೆಲವು ಕಾಲ ಇದ್ದೇ ಇರುವುದು. ಅದು ಎಷ್ಟು ಕಾಲವೆಂದು ಯಾರೂ ಪ್ರಮಾಣಮಾಡಿ ಹೇಳಲಾರರು. ಆದಕಾರಣವೇ ಬಸ್ಸು ಬರದಿದ್ದರೂ ನಷ್ಟವಾಗಬಾರದೆಂಬ ಅಳತೆಯನ್ನು ಮತ್ತೆ ನೆನಪುಮಾಡಬೇಕಾಗಿದೆ.

೯. ಯಜಮಾನರು ಮಾಡತಕ್ಕ ಕೆಲಸ

ಇಷ್ಟನ್ನೂ ಹೇಳಿದ ಮೇಲೆ ಮಾಡತಕ್ಕುದನ್ನು ಸಂಗ್ರಹವಾಗಿ ಸೂಚಿಸುತ್ತೇನೆ.

ಮೊದಲನೆಯದಾಗಿ, ಹೊಸ ಗಿಡವನ್ನು ನೆಡುವುದಕ್ಕೆ ಮುಂಚೆ ಗ್ರಾಮದಲ್ಲಿ ಈಗಾಗಲೇ ಇರುವ ಹೊಂಗೆಯ ಮರಗಳನ್ನು ಎಣಿಸಿರಿ. ಬೀಳುವ ಕಾಯಿಯಲ್ಲಿ ಹೆಚ್ಚಿನ ಪಾಲು ಆರಿಸುವವರಿಲ್ಲದೆ ಕೊಳೆಯುತ್ತಿದೆ. ಅದನ್ನು ಉಳಿಸುವುದು ಯಾವ ಖರ್ಚೂ ಇಲ್ಲದ ಲಾಭ.

ಎರಡನೆಯದಾಗಿ, ನೆಡುವುದಾದರೆ ಬದು, ಕೆರೆಯ ಏರಿಯ ಹೊರಮೈ, ಗೋಮಾಳದ ಅಂಚು, ರಸ್ತೆಯ ಪಕ್ಕ ಇವುಗಳಲ್ಲಿ ನೆಡಿರಿ. ಹೆಚ್ಚಾಗಿ ಕಾಯಿ ಬಿಡುವ ಮರವನ್ನು ಗುರುತಿಸಿ ಅದರಿಂದ ಕಸಿಮಾಡಿದ ಸಸಿಯು ಬೀಜದ ಸಸಿಗಿಂತ ಬೇಗ ಫಲಕ್ಕೆ ಬರುವುದು.

ಮೂರನೆಯದಾಗಿ, ಸಾರ್ವಜನಿಕ ಸ್ಥಳದ ಮರಗಳ ಕಾಯಿಯನ್ನು ಭೂಮಿಯಿಲ್ಲದವರು ಆರಿಸಿಕೊಳ್ಳುವಂತೆ ಬಿಡಿರಿ. ಬೆಲೆ ಬಂದೊಡನೆ ಅದನ್ನು ಹರಾಜು ಹಾಕಿ ಬಡವರ ಕೈಯಿಂದ ತಪ್ಪಿಸಕೂಡದು.

ನಾಲ್ಕನೆಯದಾಗಿ, ಇಂಧನಕ್ಕೆಂದು ಯಾರೇ ಬಂದು ಹೊಸ ಬೆಳೆಯನ್ನು ಹೇಳಲಿ, ಇಲಾಖೆಯವನೇ ಹೇಳಲಿ, ಮೂರು ಪ್ರಶ್ನೆಗಳನ್ನು ಕೇಳಿರಿ: ಇದೇ ಮಣ್ಣಿನಲ್ಲಿ, ಇದೇ ಮಳೆಯಲ್ಲಿ ಇದು ಫಸಲು ಕೊಟ್ಟಿರುವುದನ್ನು ಎಲ್ಲಿ ನೋಡಬಹುದು? ಕೊಳ್ಳುವವರು ಯಾರು, ಬರಹದಲ್ಲಿ ಕೊಡುವರೇ? ಅವರು ಕೊಳ್ಳದಿದ್ದರೆ ನಾವು ಇದನ್ನು ಏನು ಮಾಡಬಹುದು? ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಅವರನ್ನು ಮಜ್ಜಿಗೆ ಕೊಟ್ಟು ಕಳುಹಿಸಿಬಿಡಬಹುದು.

ಸರ್ಕಾರದ ಬಂಡಿಯು ಯಾವ ಇಂಧನದಿಂದ ಓಡಬೇಕೆಂಬುದನ್ನು ನಗರದಲ್ಲಿ ನಿಶ್ಚಯಿಸುವರು. ನಮ್ಮ ನೆಲದಲ್ಲಿ ಏನು ಬೆಳೆಯಬೇಕೆಂಬ ನಿಶ್ಚಯವು ಮಾತ್ರ ನಮ್ಮ ಕೈಯಲ್ಲಿಯೇ ಇರಬೇಕು. ಈ ಲೇಖಕನು ಈಗ ತಾನು ವಾಸಿಸುವ ಮನೆಯ ಹಿತ್ತಿಲಿನಲ್ಲಿ ಆರು ಹೊಂಗೆಯ ಕಸಿ ಸಸಿಗಳನ್ನು ನೆಟ್ಟಿದ್ದಾನೆ. ಹಿರಿಯ ಯಜಮಾನರ ಮಾತನ್ನು ನಡೆಸಿದುದು ಇಷ್ಟರ ಮಟ್ಟಿಗೆ. ಕಾಯಿ ಬಿಟ್ಟ ವರ್ಷದಲ್ಲಿ ಅದರ ತೂಕವನ್ನೂ ಎಣ್ಣೆಯ ಲೆಕ್ಕವನ್ನೂ ಈ ಪತ್ರಿಕೆಯಲ್ಲಿಯೇ ತಿಳಿಸಲಾಗುವುದು. ಸಸಿಯ ವಿಚಾರವಾಗಿಯೂ ಬೀಜವನ್ನು ಒಣಗಿಸುವ ಕ್ರಮದ ವಿಚಾರವಾಗಿಯೂ ಹೆಚ್ಚಿನ ವಿವರಗಳನ್ನು ತಿಳಿಯಬ�ೇಕೆನ್ನುವವರು ತಮ್ಮ ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು.